ರಾತ್ರಿ ಪಾಳಿಯ ಸಂಬಳ

ನಮ್ಮ ಕಡೆಯ ಯಾವ ಮಠಕ್ಕೆ, ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ತಲೆ ಎತ್ತಿದರೆ ಫ್ಯಾನಿನ ಎಲೆಗಳ ಮೇಲೆ ದಾನಿಗಳ ಹೆಸರು ಕಾಣುತ್ತದೆ. ಗೋಡೆಗೆ ಗ್ರಾನೈಟ್ ಕಲ್ಲು ಕೂಡಿಸಿ, ಯಾರು ಎಷ್ಟು ಕೊಟ್ಟರೆಂದು ಸಾಲಾಗಿ ಕೊರೆದಿರುತ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಜನ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಮಳೆ ಕೈಕೊಟ್ಟ ವರ್ಷವೂ ಜಾತ್ರೆಯ ದಾಸೋಹಕ್ಕೆ ಜೋಳದ ಚೀಲ, ಕಟಕ ರೊಟ್ಟಿಯ ಗಂಟು ಬಂದೇ ಬರುತ್ತವೆ. ಅಂಗವಿಕಲರನ್ನು ಇಟ್ಟುಕೊಂಡು ಸಾಕುವ ಒಂದು ಮನೆ ನಡೆಸುತ್ತೇವೆ ಎಂದು ಯಾರಾದರೂ ನಿಂತರೆ, ಅವರಿಗೂ ಅಕ್ಕಿ ಬರುತ್ತದೆ, ಹಳೆಯ ಬಟ್ಟೆ ಬರುತ್ತದೆ. ಹುಟ್ಟುಹಬ್ಬಕ್ಕೋ ಅಪ್ಪನ ಪುಣ್ಯತಿಥಿಗೋ ಒಂದು ಹೊತ್ತಿನ ಹೋಳಿಗೆ ಊಟ ಹಾಕಿಸುವವರು ಬರುತ್ತಾರೆ. ಸ್ವಲ್ಪ ಓಡಾಡಿದರೆ ಜಾಗ ಕೊಡುವವರೂ ಒಂದು ಕೋಣೆ ಕಟ್ಟಿಸಿಕೊಡುವವರೂ ಸಿಗುತ್ತಾರೆ. ಸಿಗದಿರುವುದು ಒಂದೇ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಆ ಮನೆಯಲ್ಲಿ ಎಚ್ಚರ ಇರುವ ಮನುಷ್ಯನಿಗೆ ಕೊಡಬೇಕಾದ ಸಂಬಳ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನನಗೆ ಪರಿಚಯದ ಒಂದು ಮನೆ ಇದೆ. ಮಗನಿಗೆ ನಲವತ್ತರ ಹತ್ತಿರ, ತಾಯಿಗೆ ಎಪ್ಪತ್ತು ದಾಟಿದೆ. ಅವನಿಗೆ ಮಾತು ಬಾರದು. ರಾಟಿಯ ಮುಂದೆ ಕೂಡಿಸಿದರೆ ಕಂಡಿಕೆ ಸುತ್ತುತ್ತಾನೆ. ನೂಲು ಹರಿದರೆ ಕೈ ನಿಲ್ಲಿಸಿ ತಾಯಿಯ ಕಡೆ ನೋಡುತ್ತಾನೆ, ಅವರು ಬಂದು ಗಂಟು ಹಾಕುವ ತನಕ ಕಾಯುತ್ತಾನೆ. ಆಗೊಮ್ಮೆ ಈಗೊಮ್ಮೆ ರಾತ್ರಿ ಫಿಟ್ಸ್ ಬರುತ್ತದೆ. ಕೈಯಲ್ಲಿ ಬೀಗದ ಕೈ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಎಲ್ಲ ಬಿಟ್ಟು, ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಏನೂ ತುರುಕದೆ, ಗಡಿಯಾರ ನೋಡುತ್ತ ಕೂಡುವುದನ್ನು ಆ ತಾಯಿ ಕಲಿತಿದ್ದಾರೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕೆಂಬುದು ಅವರಿಗೆ ಬಾಯಿಪಾಠ. ಒಂದು ಸಂಜೆ ಹೇಳಿದರು: "ನಾ ಇರೂತನಕ ನಡೀತೈತಿ ತಮ್ಮಾ. ನಾ ಹ್ವಾದ ಮ್ಯಾಲ ಇವನ ಮಗ್ಗಲಕ ರಾತ್ರಿ ಮಲಗೋರ್ಯಾರು?"

ಇವನ ಮುಂದಿನ ಗತಿ ಏನು ಎಂದು ಅಂಗವಿಕಲ ಮಕ್ಕಳ ತಂದೆತಾಯಿ ಎಲ್ಲ ಕಡೆಯೂ ಕೇಳುತ್ತಾರೆ. ಈ ತಾಯಿ ಕೇಳಿದ್ದು ಅದಕ್ಕಿಂತ ಖಚಿತವಾದ ಪ್ರಶ್ನೆ. ಊಟ ಯಾರು ಹಾಕುತ್ತಾರೆ ಎಂದು ಅವರು ಕೇಳಲಿಲ್ಲ. ಓಣಿಯವರು ಒಂದು ತುತ್ತು ಹಾಕಿಯಾರು ಎಂಬ ನಂಬಿಕೆ ಅವರಿಗಿದೆ. ಅವರಿಗಿರುವ ಭಯ ರಾತ್ರಿಯದು.

2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷದ ಮೇಲೆ. ದೇಶದ ಲೆಕ್ಕದಲ್ಲಿ ನೂರಕ್ಕೆ 69 ಮಂದಿ ಹಳ್ಳಿಗಳಲ್ಲೇ ಇದ್ದರು. ಬೌದ್ಧಿಕ ವೈಕಲ್ಯ ಇರುವವರೆಂದು ಬರೆಸಿಕೊಂಡವರು ಸುಮಾರು 15 ಲಕ್ಷ. ಇವರಲ್ಲಿ ಬಹಳ ಮಂದಿ ಹಿಂದೆ ನಡುವಯಸ್ಸು ಕಾಣುತ್ತಿರಲಿಲ್ಲ. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 1960ರ ಸುಮಾರಿಗೆ ಅಮೆರಿಕದಂಥ ದೇಶದಲ್ಲೂ ಹತ್ತು ವರ್ಷದ ಆಸುಪಾಸಿನಲ್ಲಿತ್ತು, ಈಗ ಅಲ್ಲಿ ಅರವತ್ತರ ಹತ್ತಿರ ಬಂದಿದೆ. ಔಷಧ ಬಂತು, ಆಯುಷ್ಯ ಬೆಳೆಯಿತು, ಅದು ಸಂತೋಷ. ಆದರೆ ಆಯುಷ್ಯ ಬೆಳೆದ ಹೊತ್ತಿಗೇ ಮನೆಗಳು ಸಣ್ಣವಾದವು. ಕಾಕಾ, ದೊಡ್ಡಪ್ಪ, ಅತ್ತಿ ಎಂದು ತುಂಬಿದ ಮನೆಯಲ್ಲಿ ಇಂಥವನೊಬ್ಬ ಎಲ್ಲರ ಪಾಲಿಗೆ ಬರುತ್ತಿದ್ದ. ಈಗ ತಮ್ಮ ಬೆಂಗಳೂರಿನಲ್ಲಿ, ಅಕ್ಕ ಗಂಡನ ಮನೆಯಲ್ಲಿ, ಪಕ್ಕದ ಮನೆಯವರು ಗೋವಾಕ್ಕೆ ದುಡಿಯಲು ಹೋಗಿ ಬಾಗಿಲಿಗೆ ಬೀಗ. ಉಳಿದವರು ತಾಯಿ ಮತ್ತು ಮಗ.

ಅಂಗವಿಕಲರ ಜೊತೆ ಬದುಕುವುದನ್ನು ನಾಡಿಗೆ ತೋರಿಸಿಕೊಟ್ಟದ್ದೇ ನಮ್ಮ ಜಿಲ್ಲೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು, ಅವರೂ ಅಂಧರು. 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವ ತನಕ, ಅರವತ್ತು ವರ್ಷಕ್ಕೂ ಮೀರಿ, ನೂರಾರು ಮಕ್ಕಳ ಊಟ, ವಸತಿ, ವಿದ್ಯೆ ಅವರ ಹೆಗಲ ಮೇಲಿತ್ತು. ಅದನ್ನು ಅವರು ನಡೆಸಿದ ರೀತಿ ನೋಡಬೇಕು. ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕ ಬರೆದರು, ಬಂದ ಹಣ ಆಶ್ರಮಕ್ಕೆ ಹಾಕಿದರು. ಊರೂರಿನಲ್ಲಿ ಭಕ್ತರು ಮಾಡಿದ ತುಲಾಭಾರದ ನಾಣ್ಯವೂ ಅಲ್ಲಿಗೇ ಹೋಯಿತು. ಒಮ್ಮೆ ಬಂದು ನಿಂತುಹೋಗುವ ದೇಣಿಗೆಯಿಂದ ದಿನನಿತ್ಯದ ಒಲೆ ಉರಿಯದು ಎಂದು ಆ ಹಿರಿಯರಿಗೆ ಗೊತ್ತಿತ್ತು. ತಿಂಗಳು ತಿಂಗಳು ಬರುವ ಹಾದಿ ಹುಡುಕಿದರು.

ಪುಣ್ಯಾಶ್ರಮದಲ್ಲಿ ಕಲಿತವನು ಹಾರ್ಮೋನಿಯಂ ಹಿಡಿದು, ತಬಲಾ ಹಿಡಿದು ಹೊರಗೆ ಬಂದು ಬದುಕು ಕಟ್ಟಿಕೊಳ್ಳುತ್ತಾನೆ. ಕಂಡಿಕೆ ಸುತ್ತುವ ನನ್ನ ಪರಿಚಯದ ಈ ಹುಡುಗನಿಗೆ (ನಲವತ್ತಾದರೂ ಓಣಿಯಲ್ಲಿ ಅವನು ಹುಡುಗನೇ, ಇದು ನಾವೆಲ್ಲ ತಿದ್ದಿಕೊಳ್ಳಬೇಕಾದ ಮಾತು) ಕಲಿತು ಹೊರಬರುವ ಶಾಲೆಗಿಂತ ಉಳಿಯುವ ಮನೆ ಬೇಕು. ಐದಾರು ಮಂದಿ ಇರುವ, ಬಾಗಿಲು ಓಣಿಗೆ ತೆರೆಯುವ, ಸಂತೆಗೆ ನಡೆದು ಹೋಗಿ ಬರಬಹುದಾದ ಮನೆ. ಊರ ಹೊರಗೆ ಹತ್ತು ಎಕರೆಯಲ್ಲಿ ಇನ್ನೂರು ಹಾಸಿಗೆ ಹಾಕಿದ ಕಟ್ಟಡ ನನಗೆ ಹಿಡಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಐದನೇ ಕಲಮು ಕೂಡ ಅವರಿಗೆ ಸಮುದಾಯದ ನಡುವೆ ಬದುಕುವ ಹಕ್ಕು ಕೊಟ್ಟಿದೆ.

ಅಂಥ ಮನೆಯ ಖರ್ಚಿನ ಲೆಕ್ಕ ಹಾಕೋಣ. ವಾರಕ್ಕೆ 168 ತಾಸು. ಒಬ್ಬ ಕೆಲಸಗಾರನಿಂದ ವಾರಕ್ಕೆ 48 ತಾಸು ದುಡಿಸಬಹುದು. ಅಂದರೆ ಸದಾ ಒಬ್ಬರು ಎಚ್ಚರ ಇರಬೇಕಾದರೂ ಮೂರೂವರೆ ಜನ ಬೇಕು, ಹಬ್ಬ, ಜ್ವರ, ರಜೆ ಹಿಡಿದರೆ ನಾಲ್ಕು. ಒಬ್ಬರಿಗೆ ತಿಂಗಳಿಗೆ 15,000 ಎಂದು ಹಿಡಿದರೂ 60,000 ರೂಪಾಯಿ, ವರ್ಷಕ್ಕೆ 7 ಲಕ್ಷ 20 ಸಾವಿರ. ಊಟ, ಬಾಡಿಗೆ, ಔಷಧ, ಕರೆಂಟ್ ಬಿಲ್ಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೋಳಿಗೆ ಊಟ ಹಾಕಿಸುವವರಿಗೆ ಈ ಅರವತ್ತು ಸಾವಿರ ಕಾಣುವುದಿಲ್ಲ. ತಪ್ಪು ಅವರದಲ್ಲ, ಅವರು ಬರುವುದು ಹಗಲಿನಲ್ಲಿ. ಮನೆಯವರೆಲ್ಲ ಸ್ನಾನ ಮಾಡಿ, ತಲೆ ಬಾಚಿಕೊಂಡು ಸಾಲಾಗಿ ಕೂತಿರುತ್ತಾರೆ. ಆ ಸ್ನಾನ ಮಾಡಿಸಿದ ಕೈ ಯಾರದು, ಹಾಸಿಗೆಯಲ್ಲಿ ಆದದ್ದನ್ನು ನಸುಕಿನಲ್ಲಿ ತೊಳೆದವರು ಯಾರು ಎಂದು ಕೇಳಲು ಯಾರಿಗೂ ನೆನಪಾಗುವುದಿಲ್ಲ.

ರಾತ್ರಿ ಪಾಳಿಗೆ ಮನುಷ್ಯರಿಲ್ಲದಿದ್ದರೆ ಆ ಜಾಗಕ್ಕೆ ಬೇರೆ ಏನಾದರೂ ಬಂದು ಕೂಡುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ನಸುಕಿನಲ್ಲಿ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಒಳಗಿದ್ದವರು ಮಾನಸಿಕ ಅಸ್ವಸ್ಥರು. ಅವರನ್ನು ಸಂಕೋಲೆ ಹಾಕಿ ಕಟ್ಟಲಾಗಿತ್ತು. ಓಡಲಾಗದೆ 28 ಮಂದಿ ಸತ್ತರು. ಸುದ್ದಿ ಓದಿದವರೆಲ್ಲ ಇದೆಂಥ ಕ್ರೌರ್ಯ ಎಂದರು, ಅದು ಕ್ರೌರ್ಯವೇ. ಅದರ ಹಿಂದೆ ಒಂದು ಲೆಕ್ಕವೂ ಇರುತ್ತದೆ. ಸರಪಳಿಗೆ ಒಮ್ಮೆ ಹಣ ಕೊಟ್ಟರೆ ಸಾಕು, ಕಾವಲಿರುವ ಮನುಷ್ಯನಿಗೆ ಪ್ರತಿ ತಿಂಗಳು ಕೊಡಬೇಕು. ಸರಪಳಿ ಕಾನೂನಿಗೆ ವಿರುದ್ಧವಾದ ಮೇಲೆ ಹೊರಗಿನಿಂದ ಹಾಕುವ ಚಿಲಕ, ಸಂಜೆ ಆರಕ್ಕೇ ಕೊಡುವ ನಿದ್ದೆಯ ಗುಳಿಗೆ ಇದೇ ಕೆಲಸ ಮಾಡುತ್ತವೆ. ಯಾವುದಾದರೂ ಆಶ್ರಯಧಾಮಕ್ಕೆ ಹೋದಾಗ ನಾನು ಕಟ್ಟಡ ನೋಡುವುದಕ್ಕಿಂತ ಮೊದಲು ಚಿಲಕ ಯಾವ ಕಡೆಗಿದೆ ಎಂದು ನೋಡುತ್ತೇನೆ.

ಸರ್ಕಾರದ್ದೂ ಕಂಪನಿಗಳದ್ದೂ ಹಣ ಇಲ್ಲವೆಂದಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವ ವಯಸ್ಕರಿಗಾಗಿ ಘರೌಂದಾ ಎಂಬ ವಸತಿ ಯೋಜನೆ ಬಂದಿದೆ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಕೊಡಬೇಕೆಂಬ ಕಾನೂನೂ ಇದೆ. ಆದರೆ ಅನುದಾನ ಬರುವ ಹೊತ್ತಿಗೆ ಸಂಬಳದ ತಾರೀಖು ದಾಟಿರುತ್ತದೆ, ಕಂಪನಿಯ ಯೋಜನೆ ಹೆಚ್ಚೆಂದರೆ ಮೂರ್ನಾಲ್ಕು ವರ್ಷ. ಮೂವತ್ತನೇ ವಯಸ್ಸಿಗೆ ಆ ಮನೆಗೆ ಬಂದವನು ಇನ್ನೂ ಮೂವತ್ತು ವರ್ಷ ಅಲ್ಲಿರುತ್ತಾನೆ. ಮೂರು ವರ್ಷದ ಹಣ ನಂಬಿ ಮೂವತ್ತು ವರ್ಷದ ಮನೆಗೆ ಬಾಗಿಲು ತೆರೆಯುವುದು ಅನ್ಯಾಯ. ಕಣ್ಣಮುಂದೆ ಮುಚ್ಚಿಹೋಗುವ ಮನೆಗಿಂತ ತೆರೆಯದ ಮನೆಯೇ ವಾಸಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇಲ್ಲಿ ನಮ್ಮ ಜನರ ಒಂದು ರೂಢಿಯನ್ನೂ ಮಾತಾಡಬೇಕು. ನಾವು ಮುಖ ನೋಡಿ ಕೊಡುವವರು. ಸ್ವಾಮಿಗಳ ಮುಖ, ಡಾಕ್ಟರ ಮುಖ, ಒಳ್ಳೆಯ ಮಾಸ್ತರರ ಮುಖ. ಅವರಿದ್ದಾಗ ಹಣ ಹರಿಯುತ್ತದೆ, ಅವರು ಹೋದರೆ ನಿಲ್ಲುತ್ತದೆ. ಮುಖ ಯಾವಾಗಲೂ ನಂಬಿಕೆಗೆ ತಕ್ಕುದಾಗಿರುತ್ತದೆ ಎಂದೂ ಇಲ್ಲ. ಬೌದ್ಧಿಕ ವೈಕಲ್ಯ ಇರುವವರೂ ಇಲ್ಲದವರೂ ಒಂದೇ ಸೂರಿನಡಿ ಬದುಕುವ ಲಾರ್ಷ್ ಮನೆಗಳು 1964ರಲ್ಲಿ ಫ್ರಾನ್ಸಿನಲ್ಲಿ ಶುರುವಾದವು. ಆ ಬಳಗದ ಭಾರತದ ಮೊದಲ ಮನೆ, ಆಶಾ ನಿಕೇತನ, 1970ರಲ್ಲಿ ಆದದ್ದು ನಮ್ಮ ಬೆಂಗಳೂರಿನಲ್ಲೇ. ಸಂಸ್ಥಾಪಕ ಜಾನ್ ವಾನಿಯೆ ಅವರನ್ನು ಜಗತ್ತು ಸಂತನೆಂದೇ ಕಂಡಿತು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಸಂಸ್ಥೆಯೇ ಮಾಡಿಸಿದ ತನಿಖೆಯಲ್ಲಿ ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡದ್ದು ಹೊರಬಂತು. ಸಂಸ್ಥೆ ಅದನ್ನು ಮುಚ್ಚಿಡದೆ ತಾನೇ ಜಗತ್ತಿಗೆ ಹೇಳಿತು, ಮನೆಗಳು ನಡೆದುಕೊಂಡು ಹೋದವು. ಅಲ್ಲಿ ಸಂತನ ಮುಖವನ್ನು ಮೀರಿದ ಒಂದು ಸಂಘಟನೆ ಬೆಳೆದಿತ್ತು.

ಅಂಥ ಸಂಘಟನೆ ಕಟ್ಟುವುದು ಹೇಗೆಂದು ಫ್ರಾನ್ಸಿಗೆ ಹೋಗಿ ಕೇಳಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಪ್ರತಿಯೊಬ್ಬನದೂ ಸಣ್ಣ ಪಾಲು, ಎಲ್ಲರೂ ಕೂಡಿ ಆರಿಸಿದ ಆಡಳಿತ, ವರ್ಷಕ್ಕೊಮ್ಮೆ ಎಲ್ಲರ ಎದುರು ಲೆಕ್ಕ. ಅಂಗವಿಕಲ ಮಕ್ಕಳ ತಂದೆತಾಯಿಯೇ ಪಾಲುದಾರರಾಗಿ, ಊರಿನವರು ಸದಸ್ಯರಾಗಿ, ಮನೆಯಲ್ಲಿ ವಾಸವಿರುವವರಲ್ಲಿ ಮಾತಾಡಬಲ್ಲವರು ಸಭೆಯಲ್ಲಿ ಕೂತು ನಡೆಸುವ ಸಂಘ ಏಕಾಗಬಾರದು? ತಿಂಗಳಿಗೆ ನೂರು ರೂಪಾಯಿ ಕೊಡುವ ಆರು ನೂರು ಮನೆ ಸಿಕ್ಕರೆ ನಾಲ್ಕು ಜನರ ಸಂಬಳ ಹುಟ್ಟಿತು. ಒಂದು ಊರಿನ ವಾರ್ಡುಗಳಲ್ಲಿ ಆರು ನೂರು ಮನೆ ದೊಡ್ಡ ಸಂಖ್ಯೆಯಲ್ಲ.

ಸಂಬಳ ತಪ್ಪಿದರೆ ಏನಾಗುತ್ತದೆಂಬುದನ್ನೂ ಹೇಳಬೇಕು. ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಗಂಡ ತೀರಿಹೋದವರು, ಹೊಲದ ಕೂಲಿ ಸಾಲದವರು. ಮೂರು ತಿಂಗಳು ಕಳೆಯುವುದರೊಳಗೆ ಮನೆಯ ಒಬ್ಬೊಬ್ಬರ ಗುಟ್ಟೂ ಇವರಿಗೆ ಗೊತ್ತಾಗಿರುತ್ತದೆ. ಯಾರು ಬಿಸಿ ರೊಟ್ಟಿ ಮುಟ್ಟುವುದಿಲ್ಲ, ಯಾರಿಗೆ ಹಲ್ಲುನೋವು ಬಂದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಾರೆ, ಯಾರ ಮೌನ ಸಿಟ್ಟಿನದು, ಯಾರದು ಫಿಟ್ಸ್ ಬರುವ ಮುನ್ನಿನದು. ಈ ಜ್ಞಾನ ಯಾವ ಫೈಲಿನಲ್ಲೂ ಇರುವುದಿಲ್ಲ. ಎರಡು ತಿಂಗಳ ಪಗಾರ ನಿಂತರೆ ಆ ಹೆಣ್ಣುಮಗಳು ಗಾರ್ಮೆಂಟ್ಸಿಗೋ ಹೋಟೆಲಿನ ಅಡುಗೆಮನೆಗೋ ಹೋಗುತ್ತಾಳೆ, ಹೋಗಲೇಬೇಕು, ಅವಳಿಗೂ ಮಕ್ಕಳಿವೆ. ಮಾತು ಬಾರದವನು ಒಬ್ಬ ತಾಯಿಯನ್ನು ಕಳೆದುಕೊಂಡು ಇಲ್ಲಿಗೆ ಬಂದವನು, ಈಗ ಇನ್ನೊಬ್ಬಳನ್ನು ಕಳೆದುಕೊಳ್ಳುತ್ತಾನೆ. ದುಃಖವಾಗಿದೆ ಎಂದು ಹೇಳಿಕೊಳ್ಳಲೂ ಅವನಿಗೆ ಬರುವುದಿಲ್ಲ. ಊಟ ಬಿಡುತ್ತಾನೆ, ಬಟ್ಟೆ ಹರಿದುಕೊಳ್ಳುತ್ತಾನೆ, ಆಗ ಅವನಿಗೆ ಹಟಮಾರಿ ಎಂದು ಹೆಸರು.

ಇನ್ನೊಂದು ಮಾತು ತಂದೆತಾಯಿಗೆ. ಮಗನಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ವಯಸ್ಕ, ಅವನ ಪರವಾಗಿ ಸಹಿ ಹಾಕುವ ಅಧಿಕಾರ ತಾಯಿಗೂ ತಾನಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವದ ಪತ್ರ ಪಡೆಯಬೇಕು. ಪಾಲಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅಣ್ಣತಮ್ಮಂದಿರ ವಾಟಣಿಯಲ್ಲಿ ಇಂಥವನ ಪಾಲಿನ ಎರಡೆಕರೆ ಸದ್ದಿಲ್ಲದೆ ಕರಗುವುದು ನಮ್ಮಲ್ಲಿ ಹೊಸದಲ್ಲ.

ಮನೆ ಶುರುವಾಗಬೇಕಾದದ್ದು ತಾಯಿ ಬದುಕಿರುವಾಗಲೇ. ಆಕೆಯನ್ನು ಮಣ್ಣು ಮಾಡಿದ ಮೂರನೇ ದಿನ ಮಗನನ್ನು ಅಪರಿಚಿತರ ನಡುವೆ ಬಿಟ್ಟುಬರುವುದಕ್ಕಿಂತ, ಈಗಲೇ ವಾರಕ್ಕೆ ಎರಡು ರಾತ್ರಿ ಅವನು ಅಲ್ಲಿ ಮಲಗಿ ರೂಢಿಯಾಗಲಿ. ತಾಯಿಗೂ ಎರಡು ರಾತ್ರಿ ಕಣ್ತುಂಬ ನಿದ್ದೆ ಸಿಗಲಿ. ರೋಣದಲ್ಲೊಂದು, ನರಗುಂದದಲ್ಲೊಂದು, ಗಜೇಂದ್ರಗಡದಲ್ಲೊಂದು ಬಾಡಿಗೆ ಮನೆ, ತಲಾ ಐದಾರು ಹಾಸಿಗೆ. ಇದಕ್ಕೆ ಅಡಿಗಲ್ಲು ಸಮಾರಂಭ ಬೇಡ. ಮೊದಲ ತಿಂಗಳ ಪಗಾರ ಕೈಯಲ್ಲಿರಬೇಕು, ಹನ್ನೆರಡನೇ ತಿಂಗಳದ್ದು ಎಲ್ಲಿಂದ ಬರುತ್ತದೆಂದು ಗೊತ್ತಿರಬೇಕು.