ಯಜಮಾನನಿಗೂ ಒಬ್ಬ ಯಜಮಾನನಿದ್ದಾನೆ

ಬೆಟ್ಟದ ಮೆಟ್ಟಿಲು ಹತ್ತಿ ಬರುವ ಭಕ್ತಾದಿಗಳು ಬರಿಗೈಲಿ ಬರುವುದಿಲ್ಲ. ಕೈಯಲ್ಲಿ ಮೇಣದಬತ್ತಿ, ಹೂವಿನ ಹಾರ, ಹರಕೆಯ ಕಾಣಿಕೆ ಇರುತ್ತದೆ. ಮನಸ್ಸಿನಲ್ಲಿ ಬೇರೊಂದು ಹೊರೆ ಇರುತ್ತದೆ. ಮಗ ಮಾತು ಕೇಳುವುದಿಲ್ಲ ಅಂತ ತಂದೆಗೆ ದುಃಖ, ಅಪ್ಪ ನಾಲ್ಕು ಜನರ ಮುಂದೆ ಬೈಯುತ್ತಾರೆ ಅಂತ ಮಗನಿಗೆ ದುಃಖ. ಅತ್ತೆಗೆ ಸೊಸೆಯ ಚಿಂತೆ, ಸೊಸೆಗೆ ಅತ್ತೆಯ ಚಿಂತೆ. ಕೆಲಸದವನಿಗೆ ಸಾಹುಕಾರನ ಕಾಟ, ಸಾಹುಕಾರನಿಗೆ ಕೆಲಸದವನ ಮೇಲೆ ಅನುಮಾನ. "ಸ್ವಾಮೀ, ಅವರಿಗೆ ಒಳ್ಳೆ ಬುದ್ಧಿ ಕೊಡಪ್ಪಾ" ಎಂದು ಎಲ್ಲರೂ ಬೇಡುತ್ತಾರೆ. ನನಗೆ ಒಳ್ಳೆ ಬುದ್ಧಿ ಕೊಡು ಎಂದು ಬೇಡುವವರು ಎಷ್ಟು ಮಂದಿ?

ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ಮಾಡಿದ ಉಪದೇಶದಲ್ಲಿ ಕಾಣಿಕೆ ತಂದವರಿಗೇ ಒಂದು ಮಾತು ಹೇಳಿದ್ದಾರೆ. ಪೀಠದ ಹತ್ತಿರ ಬಂದಾಗ ಯಾರಿಗಾದರೂ ನಿನ್ನಿಂದ ನೋವಾಗಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ಬಂದು ಅರ್ಪಿಸಬೇಕು (ಮತ್ತಾಯ 5:23-24). ದೇವರ ಹತ್ತಿರ ಬರುವ ದಾರಿ ಮನೆಯ ಮುಂದಿನಿಂದಲೇ ಹಾದು ಬರುತ್ತದೆ ಎಂದು ಇದರ ಅರ್ಥ.

ಕಫೆರ್ನವುಮಿನ ಶತಾಧಿಪತಿಯ ಕಥೆ ಎಲ್ಲರಿಗೂ ಗೊತ್ತು. ಆತ ರೋಮನರ ಕಡೆಯ ಸೈನ್ಯಾಧಿಕಾರಿ. ಅವನ ಮೇಲೆ ಅಧಿಕಾರಿಗಳಿದ್ದರು, ಅವನ ಕೈಕೆಳಗೆ ಸೈನಿಕರಿದ್ದರು. ಇದನ್ನು ಅವನೇ ಯೇಸುಸ್ವಾಮಿಗೆ ಹೇಳುತ್ತಾನೆ. ಪ್ರತಿಯೊಬ್ಬರ ಸ್ಥಿತಿಯೂ ಇದೇ. ಅಂಗಡಿಯ ಮಾಲೀಕನಿಗೆ ಬ್ಯಾಂಕಿನವರು ಮೇಲಿನವರು. ಮನೆಗೆ ಹಿರಿಯನಾದವನು ಆಫೀಸಿನಲ್ಲಿ ಕಿರಿಯ. ಆದರೆ ಆ ಶತಾಧಿಪತಿ ಯೇಸುಸ್ವಾಮಿಯಲ್ಲಿಗೆ ಬಂದದ್ದು ಬಡ್ತಿಗಾಗಿ ಅಲ್ಲ, ಹಾಸಿಗೆ ಹಿಡಿದ ತನ್ನ ಸೇವಕನಿಗಾಗಿ. ಪ್ರಭು ತನ್ನ ಮನೆಗೆ ಬರಲು ತಾನು ಯೋಗ್ಯನಲ್ಲ ಎಂದ ಅವನ ಮಾತೇ ಇಂದಿಗೂ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಭಕ್ತರ ಬಾಯಲ್ಲಿ ಬರುತ್ತದೆ. ಆಳಿಗಾಗಿ ತಲೆತಗ್ಗಿಸಿ ಬೇಡಿದ ಒಬ್ಬ ಅಧಿಕಾರಿಯ ಮಾತದು ಎಂದು ಆಗ ನೆನೆಯಬೇಕು.

ಇನ್ನು ಮನೆಯ ವಿಷಯ. ತಂದೆತಾಯಿಯನ್ನು ಗೌರವಿಸು ಎಂಬುದು ದಶಾಜ್ಞೆಗಳಲ್ಲಿ ಕಥೋಲಿಕ ಎಣಿಕೆಯಂತೆ ನಾಲ್ಕನೆಯದು. ಗೌರವ ಎಂದರೆ ಬರೀ ಕಾಲಿಗೆ ಬೀಳುವುದಲ್ಲ. ಯೇಸುಸ್ವಾಮಿಯ ಕಾಲದಲ್ಲಿ ಕೆಲವರು ತಂದೆತಾಯಿಗೆ ಸಲ್ಲಬೇಕಾದ ಹಣವನ್ನು 'ಕೊರ್ಬಾನ್' ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಸ್ವಾಮಿ ಅದನ್ನು ಕಟುವಾಗಿ ಖಂಡಿಸಿದರು (ಮಾರ್ಕ 7:9-13). ಊರಲ್ಲಿ ಮುದಿತಾಯಿ ಮಾತ್ರೆಗೆ ದುಡ್ಡಿಲ್ಲದೆ ಕೂತಿರುವಾಗ ಮಗ ಪುಣ್ಯಕ್ಷೇತ್ರದ ಹುಂಡಿಗೆ ನೋಟು ಹಾಕಿದರೆ ಆ ನೋಟನ್ನು ದೇವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಅಂಥವನು ಮೊದಲು ಔಷಧಿ ಅಂಗಡಿಗೆ ಹೋಗಲಿ. ಅದೂ ಹರಕೆಯೇ. ದೇವಪುತ್ರರೇ ನಜರೇತಿನಲ್ಲಿ ಮಾತೆ ಮರಿಯ ಮತ್ತು ಸಂತ ಜೋಸೆಫರಿಗೆ ವಿಧೇಯರಾಗಿ ಬೆಳೆದರು, ಬಡಗಿಯ ಕೆಲಸ ಮಾಡಿದರು ಎನ್ನುವಾಗ ಮಿಕ್ಕವರ ದೊಡ್ಡಸ್ತಿಕೆ ಏನು?

ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಗಂಡಹೆಂಡಿರು, ತಂದೆಮಕ್ಕಳು, ಒಡೆಯರು, ದಾಸರು ಹೇಗಿರಬೇಕೆಂದು 9 ವಚನಗಳಲ್ಲಿ ಹೇಳಿದ್ದಾರೆ (3:18-4:1). ಹಳೆಯ ರೋಮನರಲ್ಲಿ ಮನೆಯ ಯಜಮಾನನ ಅಧಿಕಾರಕ್ಕೆ ಮಿತಿ ಎಂಬುದೇ ಇಲ್ಲದಷ್ಟಿತ್ತು. ದಾಸನೆಂದರೆ ಅವನ ಸೊತ್ತು. ಅಂಥ ಕಾಲದಲ್ಲಿ ಪೌಲರು ಕೆಳಗಿನವರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಮಕ್ಕಳು ವಿಧೇಯರಾಗಿರಲಿ ಎಂದವರು, ತಂದೆಯರು ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬಾರದು ಎಂದರು. ಹೆಂಡತಿ ಅಧೀನಳಾಗಿರಲಿ ಎಂದವರು, ಗಂಡ ಅವಳನ್ನು ಪ್ರೀತಿಸಲಿ, ನಿಷ್ಠುರವಾಗಿ ನಡೆಸಿಕೊಳ್ಳದಿರಲಿ ಎಂದರು. ಎಫೆಸದವರಿಗೆ ಬರೆಯುವಾಗ, ಒಬ್ಬರಿಗೊಬ್ಬರು ಅಧೀನರಾಗಿರಿ ಎಂದೇ ಈ ವಿಷಯ ಶುರುಮಾಡಿದರು (5:21). ಒಡೆಯರಿಗೆ, ಸ್ವರ್ಗದಲ್ಲಿ ನಿಮಗೂ ಒಬ್ಬ ಒಡೆಯನಿದ್ದಾನೆ ಎಂದು ಎಚ್ಚರಿಸಿದರು.

ಪೌಲರು ಈ ಮಾತನ್ನು ನಡೆದು ತೋರಿಸಿದ್ದು ಫಿಲೆಮೋನನಿಗೆ ಬರೆದ ಪತ್ರದಲ್ಲಿ. ಅದು ಬರೀ 25 ವಚನಗಳ ಪುಟ್ಟ ಕಾಗದ. ಪೌಲರು ಆಗ ಸೆರೆಯಲ್ಲಿದ್ದರು. ಫಿಲೆಮೋನನ ದಾಸ ಒನೇಸಿಮ ಯಜಮಾನನಿಂದ ದೂರವಾಗಿ ಪೌಲರ ಬಳಿ ಸೇರಿ ಕ್ರೈಸ್ತನಾಗಿದ್ದ. ಅವನನ್ನು ವಾಪಸ್ಸು ಕಳಿಸುವಾಗ ಪೌಲರು ಕಾಗದ ಕೊಟ್ಟರು. ಆಜ್ಞೆ ಮಾಡುವ ಹಕ್ಕು ತನಗಿದ್ದರೂ ಪ್ರೀತಿಯಿಂದ ಬೇಡುತ್ತೇನೆ ಎಂದರು. ಅವನನ್ನು ದಾಸನಂತೆ ಅಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದರು. ಅವನಿಂದ ಬರಬೇಕಾದ ಬಾಕಿ ಏನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆದುಕೋ, ತಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದರು. ಅಧಿಕಾರ ಇರುವವರು ಇನ್ನೊಬ್ಬರ ಸಾಲವನ್ನು ತಮ್ಮ ತಲೆಮೇಲೆ ಹೊತ್ತುಕೊಳ್ಳುವುದು, ಇದೇ ಕ್ರೈಸ್ತ ಅಧಿಕಾರ. ಪ್ರಭು ಶಿಲುಬೆಯ ಮೇಲೆ ಮಾಡಿದ್ದೂ ಇದನ್ನೇ ಅಲ್ಲವೇ?

ಈ ವಚನಗಳನ್ನು ಅರ್ಧ ಓದಿ ಕೇಡು ಮಾಡಿದವರೂ ಇದ್ದಾರೆ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಗುವವರೆಗೂ ಗುಲಾಮರ ಒಡೆಯರು ಪೌಲರ ಮಾತನ್ನೇ ತೋರಿಸಿ ತಮ್ಮನ್ನು ಸಮರ್ಥಿಸಿಕೊಂಡರು. ಇಂದಿಗೂ ಕುಡಿದು ಬಂದು ಹೊಡೆಯುವ ಗಂಡನಿಗೆ ಇದೇ ವಚನ ನೆನಪಾಗುತ್ತದೆ. ಹೊಡೆತ ತಿಂದು ಸುಮ್ಮನಿರುವುದು ವಿಧೇಯತೆಯಲ್ಲ. ಅಂಥ ತಾಯಂದಿರು ಧರ್ಮಕೇಂದ್ರದ ಗುರುಗಳಿಗೆ, ತವರಿನವರಿಗೆ, ಬೇಕಾದರೆ ಪೊಲೀಸರಿಗೆ ಹೇಳುವುದರಲ್ಲಿ ಪಾಪವಿಲ್ಲ. ಯಜಮಾನ ಸುಳ್ಳು ಲೆಕ್ಕ ಬರೆ ಎಂದರೆ ಬರೆಯಬೇಕಾಗಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಸಂತ ಪೇತ್ರರು ನ್ಯಾಯಸಭೆಯ ಮುಂದೆಯೇ ಹೇಳಲಿಲ್ಲವೇ? ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಯಕೋಬರ ಪತ್ರ ಎಚ್ಚರಿಸುತ್ತದೆ. 13ನೇ ಲಿಯೋ ಜಗದ್ಗುರುಗಳೂ 1891ರ ತಮ್ಮ ವಿಶ್ವಪತ್ರದಲ್ಲಿ ಕಾರ್ಮಿಕನನ್ನು ಗುಲಾಮನಂತೆ ಕಾಣಬಾರದು, ನ್ಯಾಯವಾದ ಕೂಲಿ ಕೊಡಬೇಕು ಎಂದು ಬೋಧಿಸಿದರು. ಹಾಗೆಯೇ ಕೆಲಸದವನೂ ಧಣಿ ನೋಡುವಾಗ ಒಂದು, ನೋಡದಿರುವಾಗ ಒಂದು ಮಾಡಬಾರದು. ಅವನು ದುಡಿಯುವುದು ಪ್ರಭುವಿಗಾಗಿ.

ಆದ್ದರಿಂದ ಯಾತ್ರಿಕ ಬಂಧುಗಳೇ, ಬೆಟ್ಟ ಇಳಿಯುವ ಮುನ್ನ ಪೀಠದ ಮುಂದೆ ಒಂದು ನಿಮಿಷ ನಿಂತು ಎರಡು ಹೆಸರು ನೆನೆಯಿರಿ. ಒಂದು ನಿಮಗಿಂತ ಮೇಲಿನವರದು, ನೀವು ಗೌರವ ಬಾಕಿ ಇಟ್ಟುಕೊಂಡವರದು. ಇನ್ನೊಂದು ನಿಮಗಿಂತ ಕೆಳಗಿನವರದು, ನೀವು ಪ್ರೀತಿಯನ್ನೋ ಕೂಲಿಯನ್ನೋ ಬಾಕಿ ಇಟ್ಟುಕೊಂಡವರದು. ಊರು ಮುಟ್ಟಿದ ಮೇಲೆ ಮೊದಲ ಕೆಲಸ ಆ ಬಾಕಿ ತೀರಿಸುವುದಾಗಲಿ. ಆಗ ಹತ್ತಿದ ಮೆಟ್ಟಿಲು ಸಾರ್ಥಕ.

ಶಿಷ್ಯರ ಕಾಲು ತೊಳೆದ ಪ್ರಭುವೇ, ಮೇಲಿರುವವರಿಗೆ ಬಾಗುವ ಮನಸ್ಸನ್ನೂ ಕೆಳಗಿರುವವರಿಗೆ ಅಂಜದ ಮನಸ್ಸನ್ನೂ ದಯಪಾಲಿಸಿ. ಈ ಬೆಟ್ಟಕ್ಕೆ ಬಂದವರೆಲ್ಲರ ಮನೆಗಳಲ್ಲಿ ಶಾಂತಿ ನೆಲೆಸಲಿ. ಆಮೆನ್.