ಗ್ಲಾಸಿಗಿಳಿದ ಕಡಲೆಬೀಜ

ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ಎಂದರೆ ನಮ್ಮ ಹಳೆಯ ಕ್ರಿಕೆಟ್ ಪ್ರಿಯರಿಗೆ ನೆನಪಾಗುವುದು 1976ರ ಏಪ್ರಿಲ್. ವೆಸ್ಟ್ ಇಂಡೀಸ್ ವಿರುದ್ಧ ಭಾರತಕ್ಕೆ ಗೆಲ್ಲಲು 403 ರನ್ ಬೇಕಿದ್ದ ಆ ಟೆಸ್ಟ್ ಪಂದ್ಯದಲ್ಲಿ ಜಿ.ಆರ್. ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ 49 ಗಳಿಸಿ ಔಟಾಗದೆ ಉಳಿದರು. ಅದಕ್ಕೂ ಮುಂಚೆ ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು. ಆ ಪಂದ್ಯ ನಡೆದ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದ ಸಾಲುಗಳ ನಡುವೆ ಹುರಿದ ಕಡಲೆಬೀಜದ ಪೊಟ್ಟಣ ಮಾರುವವರು ಓಡಾಡುತ್ತಾರೆ. ಇಷ್ಟರ ಮಟ್ಟಿಗೆ ಟ್ರಿನಿಡಾಡಿಗೂ ನಮಗೂ ವ್ಯತ್ಯಾಸವಿಲ್ಲ. ಆದರೆ ಅಲ್ಲಿಯವರು ಕಡಲೆಬೀಜವನ್ನು ತಿಂದು ಸುಮ್ಮನಾಗುವವರಲ್ಲ, ಕುಡಿಯುವವರು.

ಪೀನಟ್ ಪಂಚ್ ಎಂದು ಅದರ ಹೆಸರು. ಹುರಿದ ಕಡಲೆಬೀಜದ ಬೆಣ್ಣೆ, ಹಾಲು, ಕಂಡೆನ್ಸ್ಡ್ ಮಿಲ್ಕ್, ಚಕ್ಕೆಪುಡಿ, ಮೇಲೆ ತುರಿದ ಜಾಯಿಕಾಯಿ. ಎಲ್ಲವನ್ನೂ ನೊರೆ ಬರುವಂತೆ ಕಡೆದು ತಣ್ಣಗೆ ಕುಡಿಯುವುದು. ಟ್ರಿನಿಡಾಡಿನಲ್ಲೂ ಜಮೈಕದಲ್ಲೂ ಇದು ರಸ್ತೆ ಬದಿಯಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಡಬ್ಬಿ ತುಂಬಿಯೂ ಸಿಗುತ್ತದೆ, ಮನೆಯಲ್ಲೂ ಆಗುತ್ತದೆ. ಪಂಚ್ ಅಂದರೆ ಇದೊಂದೇ ಅಲ್ಲ. ಕಡಲಪಾಚಿಯದ್ದು, ಬೀಟ್‌ರೂಟಿನದ್ದು, ಹನುಮಫಲದ್ದು ಎಂದು ದೊಡ್ಡ ಬಳಗವೇ ಇದೆ. ಇವೆಲ್ಲ ಗಂಡಸರಿಗೆ ‘ಶಕ್ತಿ’ ಕೊಡುತ್ತವೆ ಎಂದು ಮಾರುವವನು ಕಣ್ಣು ಮಿಟುಕಿಸಿ ಹೇಳುತ್ತಾನೆ, ಕೊಳ್ಳುವವನು ನಂಬಿದಂತೆ ನಗುತ್ತಾನೆ. ವೈದ್ಯಶಾಸ್ತ್ರ ಏನನ್ನುತ್ತದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಆ ತುಂಟತನದಿಂದಲೇ ಈ ಪಾನೀಯ ಬದುಕಿದೆ ಎಂದು ನನ್ನ ಗುಮಾನಿ. ಈ ಗುಮಾನಿಗೆ ಕಾರಣ ಮೈಸೂರಿನಲ್ಲಿದೆ, ಮುಂದೆ ಹೇಳುತ್ತೇನೆ.

ಮೊದಲು ಮಾಡುವ ಬಗೆ. ಅರ್ಧ ಲೀಟರ್ ಹಾಲಿಗೆ ನೂರು ಗ್ರಾಂ ಕಡಲೆಬೀಜ ಸಾಕು. ಹುರಿಯುವ ಮುಂಚೆ ತಟ್ಟೆಗೆ ಸುರಿದು ಆರಿಸಿಕೊಳ್ಳಿ. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಉಳಿಯಬಾರದು. ಇದು ಅಜ್ಜಿಯ ಶಿಸ್ತಷ್ಟೇ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತಾಗ ಕಾರಣ ಹುಡುಕಿದವರು ಬಂದು ನಿಂತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಮುಂದೆ. ಅಫ್ಲಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದದ್ದು ಹಾಗೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆರಿಸುವ ಕೆಲಸಕ್ಕೆ ಬದಲಿ ಇಲ್ಲ.

ಹುರಿಯುವುದು ಸಣ್ಣ ಉರಿಯಲ್ಲಿ, ಕೈ ಬಿಡದೆ. ಉರಿ ದೊಡ್ಡದಾದರೆ ಸಿಪ್ಪೆ ಸುಟ್ಟು ಒಳಗಡೆ ಹಸಿಯೇ ಉಳಿಯುತ್ತದೆ, ಆ ಹಸಿ ವಾಸನೆ ಹಾಲಿಗೆ ಬಿದ್ದರೆ ಯಾವ ಮಸಾಲೆಯೂ ಮುಚ್ಚಲಾರದು. ಕಾಳು ಒಡೆದು ನೋಡಿದರೆ ಒಳಗೂ ತೆಳು ಕಂದು ಬಣ್ಣ ಕಾಣಬೇಕು. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಕೆಂಪು ಸಿಪ್ಪೆ ಒಗರು, ಚಟ್ನಿಪುಡಿಯಲ್ಲಿ ಅದು ಗೊತ್ತಾಗುವುದಿಲ್ಲ, ಇಲ್ಲಿ ನಾಲಿಗೆಗೆ ಹತ್ತುತ್ತದೆ.

ಇನ್ನು ಮಿಕ್ಸಿಯ ಸಣ್ಣ ಜಾರಿಗೆ. ಮೊದಲು ಪುಡಿಯಾಗುತ್ತದೆ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿದ ಕೈಗಳು ಇಲ್ಲಿಗೇ ನಿಲ್ಲಿಸಿಬಿಡುತ್ತವೆ, ನಿಲ್ಲಿಸಬಾರದು. ನಡುನಡುವೆ ಜಾರನ್ನು ತಣಿಯಲು ಬಿಟ್ಟು, ಅಂಚನ್ನು ಕೆರೆದು, ಮತ್ತೆ ತಿರುಗಿಸುತ್ತಿದ್ದರೆ ಪುಡಿ ಮುದ್ದೆಯಾಗುತ್ತದೆ, ಮುದ್ದೆ ಒಮ್ಮೆ ಸಡಿಲಗೊಂಡು ಹೊಳೆಯತೊಡಗುತ್ತದೆ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ, ಆ ಎಣ್ಣೆ ಹೊರಬಿದ್ದ ಗುರುತು ಅದು. ಬೇರೆ ಎಣ್ಣೆ ಒಂದು ಹನಿಯೂ ಬೇಡ.

ಮಿಕ್ಕ ಗುಟ್ಟೆಲ್ಲ ಹಾಲು ಬೆರೆಸುವುದರಲ್ಲಿದೆ. ಕಾಯಿಸಿ, ಆರಿಸಿ, ಕೆನೆ ತೆಗೆದ ಹಾಲನ್ನು ಒಂದೆರಡು ಚಮಚ ಮಾತ್ರ ಹಾಕಿ ಕಲಸಿ. ಆಗ ಬೆಣ್ಣೆ ಮೆತ್ತಗಾಗುವ ಬದಲು ಇನ್ನೂ ಗಟ್ಟಿಯಾಗುತ್ತದೆ. ಮೊದಲ ಸಲ ಮಾಡುವವರು ಇಲ್ಲಿ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಎಣ್ಣೆಯಲ್ಲಿ ಮುಳುಗಿದ್ದ ಪುಡಿಕಣಗಳು ಮೊದಲು ಸಿಕ್ಕ ನೀರನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ, ಅಷ್ಟೆ. ಇನ್ನೆರಡು ಚಮಚ, ಮತ್ತೆರಡು, ಹೀಗೆ ಹಾಕುತ್ತ ಹೋದರೆ ಅದು ಸೋತು ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಆಮೇಲೆ ಉಳಿದ ಹಾಲನ್ನು ಧೈರ್ಯವಾಗಿ ಸುರಿಯಬಹುದು. ಎಲ್ಲ ಹಾಲನ್ನೂ ಒಂದೇ ಸಲ ಸುರಿದರೆ ತರಿತರಿ ತೇಲುತ್ತದೆ. ಕೆನೆಯಂಥ ನುಣುಪು ಬರುವುದು ಕೆನೆಯಿಂದಲ್ಲ, ಈ ತಾಳ್ಮೆಯಿಂದ.

ನಾಲ್ಕು ಚಮಚ ಕಂಡೆನ್ಸ್ಡ್ ಮಿಲ್ಕ್, ಚಿಟಿಕೆ ಉಪ್ಪು, ಕಾಲು ಚಮಚ ಚಕ್ಕೆಪುಡಿ, ಬೇಕಾದರೆ ಎರಡು ಹನಿ ವೆನಿಲಾ. ಫ್ರಿಜ್ಜೇ ಇಲ್ಲದ ಕಾಲದಲ್ಲಿ ಬಿಸಿಲ ದ್ವೀಪಗಳಿಗೆ ಕೆಡದ ಹಾಲೆಂದರೆ ಡಬ್ಬಿಯ ಹಾಲು, ಅದರ ರುಚಿ ಅಲ್ಲಿಯ ನಾಲಿಗೆಗೆ ಹಾಗೆ ಒಗ್ಗಿಹೋಗಿದೆ. ಸಕ್ಕರೆ ಹಾಕಿದರೆ ಸಿಹಿ ಬರುತ್ತದೆ, ಆ ದಪ್ಪ ಬರುವುದಿಲ್ಲ. ಬೆಲ್ಲ ಹಾಕುತ್ತೇನೆ ಅನ್ನುವವರಿಗೆ ನನ್ನದೇನೂ ತಕರಾರಿಲ್ಲ. ಏಲಕ್ಕಿಗೆ ಮಾತ್ರ ಇದೆ. ಏಲಕ್ಕಿ ಬಿದ್ದ ಕೂಡಲೇ ಅದು ಪಾಯಸದ ದಾರಿ ಹಿಡಿಯುತ್ತದೆ, ಕಡಲೆಬೀಜ ಹಿಂದೆ ಸರಿಯುತ್ತದೆ.

ಜಾಯಿಕಾಯಿಯನ್ನು ಕುಡಿಯುವ ಹೊತ್ತಿಗೇ ತುರಿಯಬೇಕು. ಟ್ರಿನಿಡಾಡಿನ ಉತ್ತರಕ್ಕಿರುವ ಗ್ರೆನಡಾ ದ್ವೀಪಕ್ಕೆ ಇದರ ಮೇಲೆ ಎಷ್ಟು ಅಭಿಮಾನವೆಂದರೆ 1974ರಲ್ಲಿ ಸ್ವತಂತ್ರವಾದಾಗ ಬಾವುಟದಲ್ಲೇ ಜಾಯಿಕಾಯಿ ಬರೆದುಕೊಂಡರು. 2004ರ ಐವಾನ್ ಚಂಡಮಾರುತ ಅಲ್ಲಿನ ತೋಟಗಳನ್ನು ಬುಡಮೇಲು ಮಾಡಿತು. ಜಾಯಿಕಾಯಿ ಮರ ತುಂಬು ಫಸಲು ಕೊಡಲು ವರ್ಷಗಟ್ಟಲೆ ಕಾಯಿಸುತ್ತದೆ ಎಂಬುದನ್ನು ಶಿರಸಿ ಕಡೆಯ ಅಡಿಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಟ್ರಿನಿಡಾಡಿನ ಮನೆಗಳಲ್ಲಿ ಕೊನೆಗೆ ಅಂಗೋಸ್ಟುರ ಬಿಟರ್ಸ್‌ನ ಕೆಲವು ಹನಿ ಚಿಮುಕಿಸುವುದೂ ಉಂಟು. ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ 1824ರಲ್ಲಿ ವೆನೆಜುವೆಲಾದಲ್ಲಿ ಹೊಟ್ಟೆನೋವಿನ ಔಷಧಿಯಾಗಿ ಮಾಡಿದ ಕಷಾಯ ಅದು. ಅವನ ಮಕ್ಕಳು ಅದನ್ನು ಪೋರ್ಟ್ ಆಫ್ ಸ್ಪೇನ್‌ಗೆ ತಂದರು. ಅದರಲ್ಲಿ ಮದ್ಯದ ಅಂಶ ಉಂಟು, ಬೇಡದವರು ಬಿಡಬಹುದು. ರಮ್ ಹಾಕುವವರು, ಜಮೈಕದಲ್ಲಿ ಕಪ್ಪು ಬಿಯರ್ ಹಾಕುವವರು ಬೇರೆಯೇ ಇದ್ದಾರೆ.

ಈಗ ಮೈಸೂರು. ನಾವು ಶೇಂಗಾವನ್ನು ಹಿಂಡಿ ಮಾಡಿದ್ದೇವೆ, ಹೋಳಿಗೆ, ಉಂಡೆ, ಚಿಕ್ಕಿ ಮಾಡಿದ್ದೇವೆ, ಚಿತ್ರಾನ್ನಕ್ಕೆ ಬೆರೆಸಿದ್ದೇವೆ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಅದಕ್ಕೊಂದು ಪರಿಷೆಯನ್ನೇ ಕಟ್ಟಿದ್ದೇವೆ. ಬಾದಾಮಿಯನ್ನು ಹಾಲಿಗೆ ಹಾಕಿ ಕುಡಿಯುತ್ತೇವೆ. ಬಡವರ ಬಾದಾಮಿ ಎಂದು ನಾವೇ ಹೊಗಳುವ ಕಡಲೆಬೀಜವನ್ನು ಮಾತ್ರ ಲೋಟಕ್ಕೆ ಇಳಿಸಲಿಲ್ಲ. ಇಳಿಸಲು ಹೊರಟವರು ವಿಜ್ಞಾನಿಗಳು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲೇ ಕಡಲೆಕಾಯಿ ಹಾಲಿನ ಪ್ರಯೋಗ ಮಾಡಿತ್ತು. ಅದೇ ಎಳೆಯಲ್ಲಿ ಮುಂದೆ ಮಿಲ್ಟೋನ್ ಬಂತು: ಕಡಲೆಕಾಯಿಯ ಪ್ರೊಟೀನನ್ನು ಬೇರ್ಪಡಿಸಿ ಎಮ್ಮೆ ಹಾಲಿಗೆ ಸೇರಿಸಿ, ಜೀವಸತ್ವ ಬೆರೆಸಿದ ಹಾಲು. 1970ರ ದಶಕದಲ್ಲಿ ಬೆಂಗಳೂರಿನ ಡೇರಿಯಲ್ಲಿ ಅದು ತಯಾರಾಗುತ್ತಿತ್ತು. ಹಾಲಿಗೆ ಬರವಿದ್ದ ಕಾಲದಲ್ಲಿ ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಹಂಚುವ ಉಪಾಯ. ಉದ್ದೇಶ ದೊಡ್ಡದು, ಕೆಲಸವೂ ಅಚ್ಚುಕಟ್ಟಾದದ್ದು.

ಅದು ಈಗ ಯಾವ ಅಂಗಡಿಯಲ್ಲೂ ಕಾಣುವುದಿಲ್ಲ. ಕ್ಷೀರಕ್ರಾಂತಿಯಿಂದ ಹಾಲೇ ಯಥೇಚ್ಛ ಸಿಗುವಂತಾಯಿತು, ಇದಂತೂ ದೊಡ್ಡ ಕಾರಣ. ಆದರೆ ಇನ್ನೊಂದು ಮಾತೂ ಇದೆ ಅನ್ನಿಸುತ್ತದೆ. ಮಿಲ್ಟೋನ್ ಹಾಲಿನ ಹಾಗೆ ಕಾಣಬೇಕಿತ್ತು, ಕಾಫಿಗೆ ಹೊಂದಬೇಕಿತ್ತು, ಹೆಪ್ಪು ಹಾಕಿದರೆ ಮೊಸರಾಗಬೇಕಿತ್ತು. ಅಂದರೆ ಕಡಲೆಕಾಯಿ ತಾನು ಕಡಲೆಕಾಯಿ ಎಂದು ಬಾಯಿಬಿಡಬಾರದಿತ್ತು. ಟ್ರಿನಿಡಾಡಿನ ಗ್ಲಾಸಿನಲ್ಲಿ ಅದು ಘಮಘಮಿಸುತ್ತ ಎಲ್ಲಕ್ಕಿಂತ ಮುಂದೆ ನಿಂತಿದೆ. ಒಳ್ಳೆಯ ಹಾಲು ಸಿಕ್ಕಿದ ದಿನ ಹಾಲಿನ ಬದಲಿಗೆ ಏನು ಕೆಲಸ? ಪೀನಟ್ ಪಂಚ್ ಯಾವುದರ ಬದಲಿಯೂ ಅಲ್ಲ. ಅದರಲ್ಲೂ ಪ್ರೊಟೀನ್ ಇದೆ, ನೂರು ಗ್ರಾಂ ಕಾಳಿಗೆ ಸುಮಾರು 25 ಗ್ರಾಂ. ಕುಡಿಯುವವನಿಗೆ ಅದನ್ನು ಯಾರೂ ಹೇಳಲು ಹೋಗುವುದಿಲ್ಲ.

ಪಾವಗಡ, ಚಳ್ಳಕೆರೆ ಕಡೆ ಸುಗ್ಗಿಯಲ್ಲಿ ಕಾಳು ಹೊಸದಾಗಿದ್ದಾಗ ಮಾಡಿ ನೋಡಲು ಇದು ತಕ್ಕ ಪಾನೀಯ. ಹಳೆಯ ಕಾಳಿನ ಎಣ್ಣೆ ಕಮಟಿರುತ್ತದೆ, ಹಾಲು ಅದನ್ನು ಅಡಗಿಸುವುದಿಲ್ಲ. ಊಟದ ಜೊತೆಗೆ ಇದನ್ನು ಕೊಡಬೇಡಿ, ಇದೇ ಒಂದು ಊಟ. ಮನೆಗೆ ಬಂದವರಿಗೆ ಕಡಲೆಬೀಜ ಆಗುತ್ತದೆಯೇ ಎಂದು ಕೇಳಿಯೇ ಕೊಡಿ, ಅಲರ್ಜಿ ಇರುವವರಿಗೆ ಒಂದು ಗುಟುಕೂ ಅಪಾಯ. ಉಳಿದದ್ದು ಫ್ರಿಜ್ಜಿನಲ್ಲಿ ಮರುದಿನಕ್ಕೆ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅರ್ಧ ಲೋಟ ತಣ್ಣನೆ ಹಾಲು ಸೇರಿಸಿ ಮತ್ತೊಮ್ಮೆ ಮಿಕ್ಸಿಗೆ ಹಾಕಿದರೆ ನೊರೆ ಹೊಸದಾಗಿಯೇ ಏಳುತ್ತದೆ, ಜಾಯಿಕಾಯಿ ಮಾತ್ರ ಇನ್ನೊಮ್ಮೆ ತುರಿಯಬೇಕು.