ನನಗ ಮದುವಿದು ಅಷ್ಟ ಬರ್ತೈತ್ರಿ

ಸೆಮಿಸ್ಟರ್ ಪರೀಕ್ಷೆಗೆ ಹದಿನೈದು ದಿನ ಉಳಿದಾಗ ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಸ್ತರರಿಗೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡಿದವರೂ ಬಾಗಿಲ ಬಳಿ ಅಡ್ಡಗಟ್ಟಿ ಕೇಳುತ್ತಾರೆ: “ಸರ, ಯಾವ್ಯಾವ್ದು ಬರ್ತಾವ ಅಷ್ಟ ಹೇಳಿಬಿಡ್ರಿ. ಉರು ಹೊಡದ ಬಿಡ್ತೀವಿ.”

ನಾನು ಅತಿಥಿ ಉಪನ್ಯಾಸಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಒಂದು ವರ್ಷ ಒಂದು ಊರು, ಇನ್ನೊಂದು ವರ್ಷ ಇನ್ನೊಂದು. ನಾಲ್ಕೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಯಾವ ಅಂಗಡಿಯ ಚಹಾ ಚಲೋ ಇರುತ್ತದೆ ಅಂತ ಬೇಕಾದರೆ ಕೇಳಿ, ಹೇಳುತ್ತೇನೆ. ಊರು ಬದಲಾದರೂ ಹುಡುಗರ ಈ ಮಾತು ಬದಲಾಗಿಲ್ಲ. ನನ್ನ ಉತ್ತರವೂ ಬದಲಾಗಿಲ್ಲ. ಚೀಲದಲ್ಲಿ ಹನ್ನೆರಡು ಪುಟದ ಝೆರಾಕ್ಸ್ ಇದೆ. ಪಾಠಗಳ ಸಾರಾಂಶ, ಒಂದು ರಜೆ ಅರ್ಜಿ, ಒಂದು ದೂರಿನ ಪತ್ರ, ನಾಲ್ಕು ಪ್ರಬಂಧ. ನಾನೇ ಬರೆದದ್ದು. ಕಷ್ಟದ ಶಬ್ದಗಳನ್ನೆಲ್ಲ ತೆಗೆದು, ಉಗುಳು ನುಂಗಿದಷ್ಟು ಸುಲಭವಾಗಿ ಬಾಯಿಗೆ ಹತ್ತುವಂತೆ ಮಾಡಿದ್ದೇನೆ. ಇದನ್ನು ಪೂರ್ತಿ ಬಾಯಿಪಾಠ ಮಾಡಿದವರು ನಪಾಸಾದದ್ದು ಕಡಿಮೆ. ಅದು ನನ್ನ ಹೆಮ್ಮೆಯಾಗಿತ್ತು.

ಮುದ್ದೇಬಿಹಾಳದ ನಮ್ಮ ಪೈಕಿ ಹುಡುಗನೊಬ್ಬ ಎಂಬಿಬಿಎಸ್ ಓದಲು ಚೀನಾಕ್ಕೆ ಹೋಗಿದ್ದ. 2020ರ ಆರಂಭದಲ್ಲಿ ರಜೆಗೆಂದು ಬಂದವನು ಕೊರೊನಾದಿಂದ ಇಲ್ಲೇ ಸಿಕ್ಕಿಹಾಕಿಕೊಂಡ. ಅಟ್ಟದ ಮೇಲೆ ಕೂತು ಮೊಬೈಲಿನಲ್ಲಿ ಕ್ಲಾಸು ಕೇಳುತ್ತಿದ್ದ. ಬೇಸರವಾದಾಗ ನಮ್ಮ ಮನೆಗೆ ಬಂದು ಅಲ್ಲಿನ ಸುದ್ದಿ ಹೇಳುವವನು. ಬೆಳಗಿನ ಚಳಿಯಲ್ಲಿ ಕಾಲೇಜಿನ ಗಿಡಗಳ ಕೆಳಗೆ ಅಲ್ಲಿನ ಹುಡುಗ ಹುಡುಗಿಯರು ಪುಸ್ತಕ ಹಿಡಿದು ಓಡಾಡುತ್ತ ಇಂಗ್ಲಿಷ್ ಪಠಿಸುತ್ತಾರಂತೆ. “ನಮ್ಮ ಮಠದಾಗ ಮಂತ್ರ ಹೇಳಿದಂಗ ಕೇಳಸ್ತದ ಕಾಕಾ” ಅಂದ. ಅವರು ತಯಾರಾಗುವುದು ‘ಬ್ಯಾಂಡ್ ಫೋರ್’ ಎಂಬ ಇಂಗ್ಲಿಷ್ ಪರೀಕ್ಷೆಗೆ. 1987ರಲ್ಲಿ ಶುರುವಾದದ್ದು, ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಪೂರ್ಣ ಅಂಕ 710. ಪಾಸು ನಪಾಸು ಅಂತ ಕಾಗದದ ಮೇಲೆ ಈಗ ಇಲ್ಲ. ಆದರೆ ಮುಂದಿನ ಹಂತದ ಪರೀಕ್ಷೆಗೆ ಕೂರಲು 425 ಬೇಕು, ಹಾಗಾಗಿ ಎಲ್ಲರ ಬಾಯಲ್ಲೂ 425 ಅಂದರೆ ಪಾಸು. ಬಹಳ ಕಾಲ ಎಷ್ಟೋ ವಿಶ್ವವಿದ್ಯಾಲಯಗಳು ಇದು ಆಗದಿದ್ದರೆ ಡಿಗ್ರಿಯನ್ನೇ ಕೊಡುತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವನ ಡಿಗ್ರಿ ಇಂಗ್ಲಿಷಿಗೆ ತೂಗುಬಿದ್ದಿರುತ್ತಿತ್ತು.

ಅಲ್ಲಿಯೂ ಝೆರಾಕ್ಸ್ ಇದೆ ಎಂದು ಗೊತ್ತಾದಾಗ ನನಗೊಂದು ತರದ ಸಮಾಧಾನ. ಅಂಗಡಿಗಳಲ್ಲಿ ಪ್ರಬಂಧದ ಅಚ್ಚುಗಳು ಸಿಗುತ್ತವೆ. ಆರಂಭದ ವಾಕ್ಯ, ನಡುವಿನ ವಾಕ್ಯ, ಮುಗಿತಾಯದ ವಾಕ್ಯ ಎಲ್ಲ ಮೊದಲೇ ತಯಾರು; ವಿಷಯದ ಜಾಗ ಮಾತ್ರ ಖಾಲಿ. ಪರಿಸರ ಬಂದರೆ ಪರಿಸರ ತುಂಬು, ಮೊಬೈಲ್ ಬಂದರೆ ಮೊಬೈಲ್ ತುಂಬು. ಅಚ್ಚಿಗೆ ಹಾಕಿದ ಪ್ರಬಂಧ ಆ ನಾಡಿಗೆ ಹೊಸದೇನಲ್ಲ. 1905ರಲ್ಲಿ ನಿಂತುಹೋದ ಅರಸರ ಕಾಲದ ನೌಕರಿ ಪರೀಕ್ಷೆಯಲ್ಲಿ ಎಂಟು ಕಾಲಿನ ಪ್ರಬಂಧ ಎಂಬ ಕಟ್ಟುನಿಟ್ಟಿನ ಮಾದರಿಯೇ ಇತ್ತು. ಅಂಥ ದೊಡ್ಡ ದೇಶವೇ ಹೀಗೆ ಮಾಡುವಾಗ ಬಾಗೇವಾಡಿಯ ನಾನು ಯಾವ ಲೆಕ್ಕ ಅಂದುಕೊಂಡೆ.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನಿಮಗೆ ನೆನಪಿರಬಹುದು. ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವ್ಯವಸ್ಥೆ ಬಂತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಚೀಟಿ ಹೋಯಿತು, ಫಲಿತಾಂಶ ಬಿತ್ತು ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ಆಡಿಕೊಂಡೆ. ಆಮೇಲೆ ಒಂದು ದಿನ ಇಂಡಿಯ ಬಸ್ಸಿನಲ್ಲಿ ಕೂತಾಗ ಅನ್ನಿಸಿತು: ಕಿಸೆಯೊಳಗಿನ ಚೀಟಿ ಕ್ಯಾಮೆರಾಕ್ಕೆ ಕಾಣುತ್ತದೆ, ತಲೆಯೊಳಗಿನ ಚೀಟಿ ಕಾಣುವುದಿಲ್ಲ. ಅರ್ಥ ತಿಳಿಯದೆ ಹನ್ನೆರಡು ಪುಟ ನುಂಗಿ ಹೋಗಿ ಕಾಗದದ ಮೇಲೆ ಕಕ್ಕಿದವನಿಗೂ, ಅದೇ ಪುಟವನ್ನು ಸಾಕ್ಸಿನೊಳಗೆ ಇಟ್ಟುಕೊಂಡು ಹೋದವನಿಗೂ ಇರುವ ವ್ಯತ್ಯಾಸ ಏನು? ಮೊದಲನೆಯವನು ಕಷ್ಟಪಟ್ಟ ಅನ್ನಬಹುದು. ಹೌದು, ಪಟ್ಟ. ಆದರೆ ಪರೀಕ್ಷೆ ಕೇಳಿದ್ದು ನಿನಗೆ ಇಂಗ್ಲಿಷ್ ಬರುತ್ತದೆಯೇ ಎಂದು, ಕಷ್ಟಪಟ್ಟೆಯಾ ಎಂದಲ್ಲ. ಬರುತ್ತದೆ ಎಂದು ಇಬ್ಬರೂ ಸುಳ್ಳೇ ಹೇಳಿದರು. ಒಬ್ಬನಿಗೆ ಡಿಬಾರು, ಇನ್ನೊಬ್ಬನಿಗೆ ಫಸ್ಟ್ ಕ್ಲಾಸು.

ಜಾನ್ ಸರ್ಲ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ 1980ರಲ್ಲಿ ಒಂದು ಕಲ್ಪನೆ ಹೇಳಿದ. ಚೀನಿ ಭಾಷೆ ಒಂದಕ್ಷರವೂ ಬಾರದ ಮನುಷ್ಯ ಒಂದು ಕೋಣೆಯಲ್ಲಿ ಕೂತಿದ್ದಾನೆ. ಹೊರಗಿನಿಂದ ಚೀನಿಯಲ್ಲಿ ಪ್ರಶ್ನೆಗಳು ಬರುತ್ತವೆ. ಇಂಥ ಗೆರೆಗಳು ಬಂದರೆ ಇಂಥ ಗೆರೆಗಳನ್ನು ಹೊರಗೆ ಕಳಿಸು ಎಂದು ಅವನ ಕೈಯಲ್ಲಿ ನಿಯಮಗಳ ಪುಸ್ತಕ ಇದೆ. ಅವನು ಹಾಗೆ ಕಳಿಸುತ್ತಾನೆ, ಹೊರಗಿನವರು ಒಳಗೆ ಚೀನಿ ಬಲ್ಲವನು ಇದ್ದಾನೆ ಎಂದು ನಂಬುತ್ತಾರೆ. ಕಂಪ್ಯೂಟರಿಗೆ ನಿಜವಾಗಿ ತಿಳಿವಳಿಕೆ ಇದೆಯೇ ಎಂದು ಕೇಳಲು ಅವನು ಕಟ್ಟಿದ ಕಥೆ ಇದು. ಓದಿದಾಗ ನನಗೆ ಕಂಪ್ಯೂಟರ್ ನೆನಪಾಗಲಿಲ್ಲ. ಬಿ.ಎ. ಎರಡನೇ ಸೆಮಿಸ್ಟರಿನ ಪರೀಕ್ಷಾ ಕೋಣೆ ಕಣ್ಣ ಮುಂದೆ ಬಂತು. ಆ ನಿಯಮಗಳ ಪುಸ್ತಕ ಬರೆದವನು ನಾನು.

ಇಂಡಿಯ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಬಸ್ ಫ್ರೀ ಆದ ಮೇಲೆ ಕಾಲೇಜು ಬಿಡದೆ ಓದು ಮುಂದುವರಿಸಿದವರಲ್ಲಿ ಒಬ್ಬಳು. ಜಾಸ್ತಿ ಮಾತಿಲ್ಲ, ಅಕ್ಷರ ಮುತ್ತಿನಂಥವು. ನನ್ನ ಕ್ಲಾಸಿನಲ್ಲಿ ರಜೆ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಅಷ್ಟಾದರೂ ಅಭ್ಯಾಸವಾಗಲಿ ಎಂದು ನಾನೇ ಮಾಡಿದ ನಿಯಮವಿತ್ತು. ಒಂದು ಸೋಮವಾರ ಅವಳು ಅರ್ಜಿ ತಂದು ಟೇಬಲ್ ಮೇಲಿಟ್ಟಳು. ಆನ್ ಅಕೌಂಟ್ ಆಫ್ ಮೈ ಸಿಸ್ಟರ್ಸ್ ಮ್ಯಾರೇಜ್, ನಾಲ್ಕು ದಿನ ರಜೆ. ಒಂದು ಕಾಮಾ ತಪ್ಪಿಲ್ಲ. ನನಗೆ ಖುಷಿಯಾಯಿತು. ಎಲ್ಲರಿಗೂ ಕೇಳುವ ಹಾಗೆ ಅಂದೆ:

“ಏನವಾ, ಅಕ್ಕನ ಮದುವಿ ಐತಿ, ಮಾಸ್ತರಗ ಹುಗ್ಗಿ ಉಣ್ಣಾಕ ಕರಿಯೂದಿಲ್ಲೇನು?”

ಹುಡುಗರು ನಕ್ಕರು. ಅವಳು ನಗಲಿಲ್ಲ. ಸೆರಗಿನ ಹಾಗೆ ಹೊದ್ದಿದ್ದ ಓಢಣಿಯ ತುದಿ ಹಿಡಿದು ನಿಂತಳು. ನಾನು ಇನ್ನೊಂದು ಸಲ ಕೇಳಿದೆ. ಆಗ ಮೆಲ್ಲಗೆ ಅಂದಳು:

“ಮದುವಿ ಅಲ್ರಿ ಸರ. ಅಣ್ಣ ಗೋವಾದಾಗ ಕೆಲಸದ ಮ್ಯಾಲಿಂದ ಬಿದ್ದಾನ್ರಿ. ಸೊಲ್ಲಾಪುರ ದವಾಖಾನ್ಯಾಗ ಅದಾನ. ಅವ್ವನ ಕೂಡ ಹೋಗಬೇಕ್ರಿ.”

“ಮತ್ತ ಮದುವಿ ಅಂತ ಯಾಕ ಬರದಿ?”

“ನನಗ ಮದುವಿದು ಅಷ್ಟ ಬರ್ತೈತ್ರಿ.”

ಝೆರಾಕ್ಸಿನ ನಾಲ್ಕನೇ ಪುಟ. ಅದರಲ್ಲಿ ಅಕ್ಕನ ಮದುವೆ ಇದೆ. ಅಣ್ಣ ಬಿದ್ದದ್ದು ಇಲ್ಲ.

ಆ ಹೊತ್ತಿನಲ್ಲಿ ನಾನು ಏನು ಹೇಳಿದೆ ಎಂದು ಸರಿಯಾಗಿ ನೆನಪಿಲ್ಲ, ಹೋಗವಾ ಎಂದಿರಬೇಕು. ರಾತ್ರಿ ಮಲಗಿದಾಗ ನೆನಪಾದದ್ದು ಮಾತ್ರ ಇನ್ನೂ ಇದೆ. ಒಂದನೇ ತರಗತಿಯಿಂದ ಪಿಯುಸಿ ತನಕ ಹನ್ನೆರಡು ವರ್ಷ ಆ ಹುಡುಗಿ ಇಂಗ್ಲಿಷ್ ಕಲಿತಿದ್ದಾಳೆ. ನಮ್ಮ ಕಾಲದಲ್ಲಿ ಐದನೇ ತರಗತಿಯಲ್ಲಿ ಎಬಿಸಿಡಿ ಶುರುವಾಗುತ್ತಿತ್ತು. 2007ರಿಂದ ಕನ್ನಡ ಶಾಲೆಗಳಲ್ಲಿ ಒಂದರಿಂದಲೇ ಬಂತು. ಹನ್ನೆರಡು ವರ್ಷಕ್ಕೆ ನನ್ನದೂ ಒಂದು ಸೇರಿ ಹದಿಮೂರು. ಅಷ್ಟು ವರ್ಷ ಕಲಿಸಿ ನಾವು ಅವಳಿಗೆ ತನ್ನ ಮನೆಯ ಕಷ್ಟವನ್ನು ಹೇಳಲಿಕ್ಕಾಗದ ಒಂದು ಭಾಷೆ ಕೊಟ್ಟಿದ್ದೇವೆ. ಸುಳ್ಳು ಹೇಳುವ ಸ್ವಭಾವ ಅವಳದಲ್ಲ. ಸುಳ್ಳನ್ನು ಬಿಟ್ಟು ಬೇರೆ ವಾಕ್ಯ ಅವಳ ಬಳಿ ಇರಲಿಲ್ಲ. ಹಾಗಾದರೆ ಆ ಸುಳ್ಳು ಯಾರದು?

ಇದನ್ನು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಹೇಳಿದೆ. ಅವರು ಎಲಿಅಡಿಕೆ ಹಾಕಿಕೊಂಡು ಪೂರ್ತಿ ಕೇಳಿ, “ತಮ್ಮಾ, ನೀ ಬಾಳ ವಿಚಾರ ಮಾಡ್ತಿ. ಆಕೀನ ಪಾಸ್ ಮಾಡಸೂದು ನಿನ್ನ ಧರ್ಮ. ನಪಾಸ ಆದ್ರ ಮುಂದಿನ ಮೇ ತಿಂಗಳದಾಗ ಆಕೀನ ಮದುವೀನ ಆಗತೈತಿ ನೋಡು” ಅಂದರು. ಆ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಗ್ಲಿಷಿನ ಒಂದು ಪೇಪರು ಉಳಿದುಹೋದದ್ದಕ್ಕೆ ಹೊಲಕ್ಕೆ, ಗೋವಾಕ್ಕೆ, ಗಂಡನ ಮನೆಗೆ ಹೋದವರನ್ನು ನಾನು ಬಲ್ಲೆ. ನಮ್ಮ ಅಜ್ಜ ಮುಂಬೈ ಪ್ರಾಂತ್ಯದ ಕಾಲದಲ್ಲಿ ಮುಲ್ಕಿ ಪಾಸಾಗಿ ಕನ್ನಡ ಸಾಲಿ ಮಾಸ್ತರರಾದವರು, ಇಂಗ್ಲಿಷಿನ ಗಂಧವಿಲ್ಲದೆ ಮರ್ಯಾದೆಯಿಂದ ಬಾಳಿದರು. ಆ ಬಾಗಿಲು ಈಗ ಇಲ್ಲ. ಬಾಗಿಲ ಮೇಲೆ ಅನ್ಯಾಯದ ಬೀಗ ಹಾಕಿದ್ದರೆ, ಕಳ್ಳಕೀಲಿ ಕೊಟ್ಟವನು ತಪ್ಪಿತಸ್ಥನೇ?

ಬಾಯಿಪಾಠವನ್ನೇ ಕೆಟ್ಟದ್ದೆನ್ನಲೂ ಮನಸ್ಸು ಬರುವುದಿಲ್ಲ. ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಕ್ಷರ ಕಲಿಯುವ ಮೊದಲೇ ಮಕ್ಕಳ ಬಾಯಲ್ಲಿ ವಚನ ಇರುತ್ತದೆ. ಅರ್ಥ ಕೇಳಿದರೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ, ಒಂದು ಸಾಲದ ವಿಷಯದಲ್ಲಿ ಗೆಳೆಯನಿಗೆ ಮೋಸ ಮಾಡಬೇಕೆಂದು ಮನಸ್ಸು ಹೊರಳಿದ ದಿನ, ಏಳನೇ ವಯಸ್ಸಿನಲ್ಲಿ ಬಾಯಿಗೆ ಹಾಕಿಕೊಂಡ ವಚನವೊಂದು ಎದ್ದುಬಂದು ಎದುರಿಗೆ ಕೂತಿತು. ಅವ್ವ ಅದನ್ನು ಕಲಿಸಿದ್ದು ಯಾವ ಪರೀಕ್ಷೆಗೂ ಅಲ್ಲ, ಮುಂದೆ ಬೇಕಾದೀತು ಎಂದು. ನನ್ನ ಹನ್ನೆರಡು ಪುಟ ಯಾರೊಳಗೂ ಹಾಗೆ ಕಾದು ಕೂರುವುದಿಲ್ಲ. ಪರೀಕ್ಷೆ ಮುಗಿದ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಭಜಿ ಕಟ್ಟಿಕೊಡುವ ಕಾಗದಗಳಲ್ಲಿ ಅವು ನನಗೇ ಸಿಕ್ಕಿವೆ.

ಚೀನಾದ ಪರೀಕ್ಷೆಯಲ್ಲಿ ನನಗೆ ಹೊಟ್ಟೆಕಿಚ್ಚು ತರಿಸುವ ಒಂದು ಭಾಗ ಇದೆ. ಪ್ರಬಂಧಕ್ಕೆ ನೂರಕ್ಕೆ ಹದಿನೈದು ಪಾಲು ಇರುವಂತೆ ಅನುವಾದಕ್ಕೂ ಹದಿನೈದು ಪಾಲು. 2013ರ ಕೊನೆಯಿಂದ ಒಂದು ಇಡೀ ಪ್ಯಾರಾ ಚೀನಿಯಲ್ಲಿ ಕೊಡುತ್ತಾರೆ, ಅವರ ಹಬ್ಬ, ಅವರ ಚಹಾ, ಅವರ ಊರುಗಳ ಬಗ್ಗೆ. ಅದನ್ನು ಇಂಗ್ಲಿಷಿಗೆ ತರಬೇಕು. ಅದಕ್ಕೂ ಗೈಡು ಇರುತ್ತದೆ, ಅದನ್ನೂ ಉರು ಹೊಡೆಯುತ್ತಾರೆ, ಬಿಡಿ. ಆದರೂ ಇಂಗ್ಲಿಷ್ ಪರೀಕ್ಷೆಯ ಕೋಣೆಯೊಳಗೆ ಅವರ ಮನೆಯ ಮಾತಿಗೆ ಒಂದು ಕುರ್ಚಿ ಹಾಕಿದ್ದಾರೆ. ಕಾರಹುಣ್ಣಿಮೆಯ ಬಗ್ಗೆ ಐದು ಸಾಲು ಕೊಟ್ಟು ಇಂಗ್ಲಿಷ್ ಮಾಡು ಅಂದರೆ ನಮ್ಮ ಹುಡುಗರು ತಪ್ಪು ತಪ್ಪಾಗಿಯಾದರೂ ತಮ್ಮದನ್ನು ಹೇಳಲು ಕಲಿಯುತ್ತಿದ್ದರೇನೋ.

ಅದೇ ಆಸೆಯಲ್ಲಿ ಮರುವರ್ಷ, ಬೇರೆ ಊರಿನ ಕಾಲೇಜಿನಲ್ಲಿ, ಹೊಸ ಕ್ರಮ ಶುರು ಮಾಡಿದೆ. ವಾರಕ್ಕೊಂದು ಪತ್ರ, ಐದೇ ಸಾಲು, ತಪ್ಪಿದ್ದರೆ ನಡೆಯುತ್ತದೆ, ಸುಳ್ಳಿದ್ದರೆ ನಡೆಯುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಮಾಡಬಹುದು. ಏನೇನೆಲ್ಲ ಬಂತು! ಬೋರ್‌ವೆಲ್ ಬತ್ತಿದ್ದು, ತೊಗರಿಗೆ ಹುಳ ಬಿದ್ದದ್ದು, ಅಪ್ಪನ ಕುಡಿತ. ಒಬ್ಬ ಹುಡುಗ ಎಲ್ಲರಿಗಿಂತ ಹುರುಪಿನವನು. ಕ್ರಿಯಾಪದ ಒಂದೂ ಜಾಗದಲ್ಲಿ ಇರುತ್ತಿರಲಿಲ್ಲ, ಆದರೆ ಓದಿದರೆ ಅವನ ಮನೆ ಕಾಣುತ್ತಿತ್ತು. ಝೆರಾಕ್ಸ್ ಕೊಟ್ಟಾಗ ಅವನು ತೆಗೆದುಕೊಳ್ಳಲಿಲ್ಲ. “ನಾ ನಂದ ಬರೀತೀನ್ರಿ ಸರ” ಅಂದ. ನಾನು ಬೆನ್ನು ತಟ್ಟಿದೆ.

ಅವನು ನಪಾಸಾದ. ಇಂಡಿಯ ಆ ಹುಡುಗಿ ಪಾಸಾಗಿ ಈಗ ಬಿ.ಎಡ್. ಮಾಡುತ್ತಿದ್ದಾಳೆ. ಅವಳ ಅಣ್ಣ ಕೋಲು ಹಿಡಿದು ಓಡಾಡುತ್ತಾನಂತೆ.

ಅವನ ಪೇಪರು ನೋಡಿದವರನ್ನು ಬೈಯಲು ನನಗೆ ಬಾಯಿಲ್ಲ. ಮೌಲ್ಯಮಾಪನಕ್ಕೆ ನಾನೂ ಹೋಗುತ್ತೇನೆ. ಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕೂತು ಒಂದಾದ ಮೇಲೊಂದು ಕಟ್ಟು ಬಿಚ್ಚುವಾಗ ಗೊತ್ತಿರುವ ವಾಕ್ಯ ಕಂಡರೆ ಪೆನ್ನು ತಾನೇ ಟಿಕ್ ಹೊಡೆಯುತ್ತದೆ. ಗೊತ್ತಿಲ್ಲದ ವಾಕ್ಯ ಬಂದರೆ ನಿಂತು ಓದಬೇಕು, ಮೊದಲು ಕಾಣುವುದು ತಪ್ಪುಗಳೇ. ನಾನೂ ಎಷ್ಟು ಜನ ತಮ್ಮದು ಬರೆದವರಿಗೆ ಕೆಂಪು ಗೆರೆ ಎಳೆದಿದ್ದೇನೋ.

ಫಲಿತಾಂಶ ಬಂದ ವಾರ ಆ ಹುಡುಗ ಮನೆಗೆ ಬಂದ. ನಾನು ಚಹಾ ಕೊಟ್ಟೆ. ಅವನು ನನ್ನ ಮೇಲೆ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಮಾಡಲಿಲ್ಲ. ಚಹಾ ಕುಡಿದು ಕಪ್ಪನ್ನು ತೊಳೆಯಲು ಎದ್ದವನನ್ನು ಬೇಡ ಅಂತ ಕೂರಿಸಿದೆ. ಆಮೇಲೆ ನೆಲ ನೋಡುತ್ತ ಕೇಳಿದ:

“ಸರ, ಆ ಝೆರಾಕ್ಸ್ ಐತೇನ್ರಿ?”

ಒಳಗೆ ಹೋಗಿ ತಂದುಕೊಟ್ಟೆ. ನಾಲ್ಕನೇ ಪುಟ ತೆಗೆದು, ಅಕ್ಕನ ಮದುವೆಯ ಕೆಳಗೆ, ಅಣ್ಣ ಆಸ್ಪತ್ರೆಯಲ್ಲಿದ್ದಾನೆ ಎನ್ನುವ ವಾಕ್ಯವನ್ನು ಇಂಗ್ಲಿಷಿನಲ್ಲಿ ಪೆನ್ನಿನಿಂದ ಬರೆದೆ. “ಇದು ಪರೀಕ್ಷಾಕ್ಕ ಬರ್ತೈತೇನ್ರಿ?” ಅಂದ.

“ಇಲ್ಲ” ಅಂದೆ.

ಮಡಚಿ ಕಿಸೆಯಲ್ಲಿಟ್ಟುಕೊಂಡು, ಐದೂವರೆ ಬಸ್ಸಿಗೆ ಹೊರಟ.